ವಿಮಾನಕ್ಕೆ ಎಂಜಿನ್ ಮಾಡಿದ ಚಾರ್ಲಿ ಟೇಲರ್: ಒಬ್ಬ ಕೆಲಸಗಾರನ ನೆನಪು ಉಳಿದ ಬಗೆ

ರೈಟ್ ಸಹೋದರರು ಅಂದ ಕೂಡಲೇ ನಮಗೆ ನೆನಪಾಗುವುದು ಇಬ್ಬರು, ವಿಲ್ಬರ್ ಮತ್ತು ಆರ್ವಿಲ್. ಶಾಲೆಯ ಪಾಠದಲ್ಲೂ ಇಬ್ಬರೇ, ಕ್ವಿಜ್‌ನಲ್ಲೂ ಇಬ್ಬರೇ. ಆದರೆ ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಲ್ಲಿ ಅವರಿಗಿದ್ದ ಸೈಕಲ್ ಅಂಗಡಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಮೂರನೆಯವರೊಬ್ಬರಿದ್ದರು. ಹೆಸರು ಚಾರ್ಲಿ ಟೇಲರ್. 1903ರಲ್ಲಿ ಹಾರಿದ ವಿಮಾನದ ಎಂಜಿನ್ ತಯಾರಾಗಿದ್ದು ಅವರ ಕೈಯಲ್ಲಿ.

ವಿಮಾನದ ಕಥೆ ಬೇಕಾದಷ್ಟು ಸಲ ಹೇಳಿಯಾಗಿದೆ. ನನಗೆ ಇಲ್ಲಿ ಬೇಕಿರುವುದು ಚಾರ್ಲಿಯ ಕಥೆ. ಹೆಂಡತಿ ಮಕ್ಕಳನ್ನು ಸಾಕಲು ಊರಿಂದೂರಿಗೆ ಹೋದ ಒಬ್ಬ ಕುಶಲಕರ್ಮಿ ಹೇಗೆ ಮರೆತುಹೋದರು? ಮತ್ತೆ ಯಾರಿಂದ ನೆನಪಾದರು? ಆ ನೆನಪಿನಲ್ಲಿ ಏನು ಉಳಿಯಿತು, ಏನು ಬಿಟ್ಟುಹೋಯಿತು? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚಾರ್ಲಿಗೆ ಯಾರೂ ಮೋಸ ಮಾಡಲಿಲ್ಲ. ಇಂಥ ಕೆಲಸ ಮಾಡುವವರು ಕಾಗದ ಬರೆಯುವುದಿಲ್ಲ, ಅಷ್ಟೇ. ಬೇರೆ ಯಾರಾದರೂ ಕೂತು ಕೇಳಿದರೆ ಮಾತ್ರ ಅವರ ಬದುಕು ದಾಖಲೆಗೆ ಬರುತ್ತದೆ.

ಹಳ್ಳಿಯಿಂದ ಡೇಟನ್‌ಗೆ

ಚಾರ್ಲಿ ಹುಟ್ಟಿದ್ದು 1868ರ ಮೇ 24ರಂದು, ಇಲಿನಾಯ್ ರಾಜ್ಯದ ಸೆರೊ ಗಾರ್ಡೊ ಎಂಬ ಸಣ್ಣ ಊರಲ್ಲಿ, ಮರದ ದಿಮ್ಮಿ ಜೋಡಿಸಿ ಕಟ್ಟಿದ ಮನೆಯಲ್ಲಿ. ಅದು ಪೂರ್ತಿ ಬೇಸಾಯದ ಸೀಮೆ. ಅವರು ಚಿಕ್ಕವರಿದ್ದಾಗಲೇ ಮನೆಯವರು ನೆಬ್ರಾಸ್ಕಾದ ಲಿಂಕನ್‌ಗೆ ಬಂದು ನೆಲೆಸಿದರು. ಓದು 12ನೇ ವಯಸ್ಸಿಗೆ ಮುಗಿಯಿತು. ಒಂದು ಪತ್ರಿಕೆಯ ಬೈಂಡಿಂಗ್ ವಿಭಾಗದಲ್ಲಿ ಹೇಳಿದ ಕೆಲಸ ಮಾಡುವ ಹುಡುಗನಾಗಿ ಸೇರಿಕೊಂಡರು. ಯಂತ್ರಗಳ ಸಹವಾಸ ಆಮೇಲೆ ಬಿಡಲೇ ಇಲ್ಲ.

ನೆಬ್ರಾಸ್ಕಾದಲ್ಲೇ ಹೆನ್ರಿಯೆಟ್ಟಾ ವೆಬರ್ಟ್ ಎಂಬ ಹುಡುಗಿಯ ಪರಿಚಯವಾಗಿ ಮದುವೆಯಾಯಿತು. ಹೆಂಡತಿಯ ಕಡೆಯವರು ಡೇಟನ್‌ನಲ್ಲಿದ್ದರು. 1896ರಲ್ಲಿ ಇವರೂ ಅಲ್ಲಿಗೇ ಹೋದರು. ಅಲ್ಲಿ ಕೆಲಸ ಸಿಕ್ಕಿದ್ದು ಸ್ಟಾಡರ್ಡ್ ಎಂಬ ಕಾರ್ಖಾನೆಯಲ್ಲಿ. ಬೇಸಾಯದ ಸಲಕರಣೆ ಮಾಡುತ್ತಿದ್ದ ಆ ಕಾರ್ಖಾನೆ ಆಗ ಸೈಕಲ್ಲನ್ನೂ ಮಾಡಲು ಹಿಡಿದಿತ್ತು. ಆ ಹತ್ತು ವರ್ಷ ಅಮೆರಿಕದಲ್ಲಿ ಸೈಕಲ್ ಹುಚ್ಚು ಜೋರಾಗಿತ್ತು. ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರ ಹಿಡಿಯಲು ಬಂದವರಿಗೆಲ್ಲ ಕೆಲಸ ಸಿಗುವ ಕಾಲ.

ರೈಟ್ ಸಹೋದರರ ಪರಿಚಯ ಆಗಿದ್ದೂ ಹೆಂಡತಿಯ ಮನೆ ಕಡೆಯಿಂದಲೇ. ವೆಸ್ಟ್ ಥರ್ಡ್ ಸ್ಟ್ರೀಟ್‌ನಲ್ಲಿ ಅವರ ಅಂಗಡಿ ಇದ್ದ ಕಟ್ಟಡ ಹೆನ್ರಿಯೆಟ್ಟಾ ಅವರ ಚಿಕ್ಕಪ್ಪನದು. ಚಾರ್ಲಿ ಒಂದಷ್ಟು ದಿನ ಸ್ವಂತ ಶಾಪ್ ಇಟ್ಟುಕೊಂಡು ಸಹೋದರರಿಗೆ ಬಿಡಿಭಾಗ ಮಾಡಿಕೊಡುತ್ತಿದ್ದರು. 1901ರ ಜೂನ್‌ನಲ್ಲಿ ಅವರ ಅಂಗಡಿಗೇ ಸೇರಿದರು. ಗಂಟೆಗೆ 30 ಸೆಂಟ್, ವಾರಕ್ಕೆ 18 ಡಾಲರ್. ಹಿಂದಿನ ಕಡೆ ಗಂಟೆಗೆ 25 ಸೆಂಟ್ ಸಿಗುತ್ತಿತ್ತು. ಐದು ಸೆಂಟ್ ಜಾಸ್ತಿ, ಮನೆಗೂ ಹತ್ತಿರ. ಆಕಾಶದಲ್ಲಿ ಹಾರುವ ಕನಸು ಹೊತ್ತು ಅವರೇನೂ ಬರಲಿಲ್ಲ. ಸಂಸಾರಸ್ಥರು ಕೆಲಸ ಬದಲಾಯಿಸಲು ಇರುವ ಕಾರಣ ಇಂಥದ್ದೇ ಅಲ್ವಾ?

ಚಾರ್ಲಿಯನ್ನು ಕರೆದಿದ್ದು ಸೈಕಲ್ ರಿಪೇರಿಗೆ. ಸಹೋದರರು ಎಂಜಿನ್ ಇಲ್ಲದ ವಿಮಾನವಾದ ಗ್ಲೈಡರ್ ಹಾರಿಸಲು ದೂರದ ಕಿಟ್ಟಿ ಹಾಕ್ ಕಡಲ ತೀರಕ್ಕೆ ಹೋದಾಗ ಅಂಗಡಿ ನೋಡಿಕೊಳ್ಳುವ ನಂಬಿಕಸ್ಥರು ಬೇಕಿತ್ತು. ಹಿಂದಿರುಗಿದ ಮೇಲೆ ಅವರು ಗಾಳಿಯ ಪ್ರಯೋಗಕ್ಕೆ ಒಂದು ಪೆಟ್ಟಿಗೆಯಂಥ ಸುರಂಗ ಕಟ್ಟಿದರು. ಅದಕ್ಕೂ ಚಾರ್ಲಿ ಕೈಹಾಕಿದರು. ಸೈಕಲ್ ಕೆಲಸದವರು ಮೆಲ್ಲಗೆ ವಿಮಾನದ ಕೆಲಸದವರಾಗಿದ್ದು ಹೀಗೆ.

ಆರು ವಾರ

1902ರ ಕೊನೆಗೆ ಸಹೋದರರಿಗೆ ಎಂಜಿನ್ ಬೇಕಾಯಿತು. ಎಂಟು ಅಶ್ವಶಕ್ತಿ ಕೊಡಬೇಕು, ತೂಕ 200 ಪೌಂಡ್ ದಾಟಬಾರದು. ಕಾರಿನ ಎಂಜಿನ್ ಮಾಡುವ ಕಂಪನಿಗಳಿಗೆ ಪತ್ರ ಬರೆದರು. ಅವರಿಗೆ ಬೇಕಾದಂಥದ್ದು ಎಲ್ಲೂ ಸಿಗಲಿಲ್ಲ. ಹಾಗಾದರೆ ನಾವೇ ಮಾಡೋಣ ಅಂದರು. ನಾವೇ ಅಂದರೆ ಹೆಚ್ಚಿನ ಪಾಲು ಚಾರ್ಲಿ. ಅವರಿಗೆ ಪೆಟ್ರೋಲ್ ಎಂಜಿನ್ನಿನ ಅನುಭವ ಎಷ್ಟಿತ್ತು? 1901ರಲ್ಲಿ ಒಂದು ಕಾರಿನ ಎಂಜಿನ್ ರಿಪೇರಿಗೆ ಪ್ರಯತ್ನಪಟ್ಟಿದ್ದರು. ಅಷ್ಟೇ.

ಅಂಗಡಿಯಲ್ಲಿ ಇದ್ದಿದ್ದು ಒಂದು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಜತೆಗೆ ಕೈ ಹತಾರಗಳು. ಪೂರ್ತಿ ನಕ್ಷೆ ಅಂತ ಯಾವುದೂ ಇರಲಿಲ್ಲ. ಮೂವರೂ ಮಾತಾಡಿಕೊಂಡು ಒಂದೊಂದು ಭಾಗವನ್ನು ಚೂರು ಕಾಗದದ ಮೇಲೆ ಗೀಚುತ್ತಿದ್ದರು. ಚಾರ್ಲಿ ಆ ಚೀಟಿಯನ್ನು ಬೆಂಚಿನ ಮೇಲಿನ ಮೊಳೆಗೆ ಸಿಕ್ಕಿಸಿಕೊಂಡು ಕೆಲಸ ಶುರು ಮಾಡುತ್ತಿದ್ದರು.

ಕ್ರ್ಯಾಂಕ್‌ಶಾಫ್ಟ್ ಮಾಡಿದ ರೀತಿಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಸೈಕಲ್ಲಿನಲ್ಲಿ ಕಾಲಿನ ಒತ್ತನ್ನು ಚಕ್ರದ ಸುತ್ತಾಗಿ ಮಾಡುವ ಪೆಡಲ್ ಕಡ್ಡಿ ಇದೆಯಲ್ಲ, ಎಂಜಿನ್ನಿನಲ್ಲಿ ಪಿಸ್ಟನ್ನಿಗೆ ಅದೇ ಕೆಲಸ ಮಾಡಿಕೊಡುವುದು ಇದು. ಈಗ ಇದನ್ನು ಕಾಯಿಸಿ ಅಚ್ಚಿನಲ್ಲಿ ಬಡಿದು ಮಾಡುತ್ತಾರೆ. ಚಾರ್ಲಿಗೆ ಸಿಕ್ಕಿದ್ದು ಒಂದು ಉಕ್ಕಿನ ಪಟ್ಟಿ. 31 ಇಂಚು ಉದ್ದ, 6 ಇಂಚು ಅಗಲ, ಒಂದೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ ದಪ್ಪ. ಅದರ ಮೇಲೆ ಶಾಫ್ಟಿನ ಆಕಾರ ಬರೆದುಕೊಂಡರು. ಗೆರೆಯುದ್ದಕ್ಕೂ ಒಂದರ ಪಕ್ಕ ಒಂದು ತೂತು ಕೊರೆದರು. ತೂತುಗಳ ಮಧ್ಯೆ ಉಳಿದ ಉಕ್ಕನ್ನು ಚಾಣ ಇಟ್ಟು ಸುತ್ತಿಗೆಯಿಂದ ಹೊಡೆದು, ಬೇಡದ ತುಂಡುಗಳನ್ನು ಬೀಳಿಸಿದರು. ಉಳಿದಿದ್ದನ್ನು ಲೇತಿಗೆ ಕಟ್ಟಿ ಅಳತೆಗೆ ತಂದು ನಯ ಮಾಡಿದರು. ಮುಗಿದ ಮೇಲೆ ಅದರ ತೂಕ 19 ಪೌಂಡ್. ಪಟ್ಟಿಯ ಅಳತೆ ಹಿಡಿದು ಲೆಕ್ಕ ಹಾಕಿದರೆ ಮೊದಲು ಅದು ಸುಮಾರು 85 ಪೌಂಡ್ ಇದ್ದಿರಬೇಕು. ಅಂದರೆ ಐದರಲ್ಲಿ ಸುಮಾರು ನಾಲ್ಕು ಪಾಲು ಉಕ್ಕನ್ನು ಅವರು ಕೊರೆದು, ಕಡಿದು, ತಿರುಗಿಸಿ ತೆಗೆದಿದ್ದಾರೆ. ಇದರಲ್ಲಿ ಒಂದು ಕಡೆ ಅಳತೆ ಕೆಟ್ಟಿದ್ದರೂ ಮತ್ತೊಂದು ಪಟ್ಟಿ ತಂದು ಮೊದಲಿನಿಂದ ಶುರು ಮಾಡಬೇಕಿತ್ತು. ಬ್ಯಾಲೆನ್ಸ್ ಸರಿಯಾಗಿ ಕೂತಿತ್ತು ಅಂತ ಅವರೇ ಮುದಿವಯಸ್ಸಿನಲ್ಲಿ ಹೇಳಿಕೊಂಡಿದ್ದಾರೆ. ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆ ಇದೆ, ಇರಲಿ ಬಿಡಿ.

ಎಂಜಿನ್ನಿನ ಒಡಲನ್ನು ಅಲ್ಯೂಮಿನಿಯಂನಲ್ಲಿ ಊರಿನ ಫೌಂಡ್ರಿಯಲ್ಲೇ ಎರಕ ಹೊಯ್ಯಿಸಿದರು. ನಾಲ್ಕು ಸಿಲಿಂಡರ್, ಎಲ್ಲವೂ ಮಲಗಿದ ಹಾಗೆ. ಕಾರ್ಬ್ಯುರೇಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಪೆಟ್ರೋಲ್ ತಾನಾಗಿ ಇಳಿದು ಬರಬೇಕು. ಆರು ವಾರದಲ್ಲಿ ಇಷ್ಟೂ ಮುಗಿಯಿತು. 1903ರ ಫೆಬ್ರವರಿಯಲ್ಲಿ ಮೊದಲ ಸಲ ಓಡಿಸಿದರು. ಮರುದಿನವೇ ಬೇರಿಂಗ್ ಹಿಡಿದುಕೊಂಡು ಒಡಲು ಒಡೆಯಿತು. ಮತ್ತೆ ಎರಕ, ಮತ್ತೆ ಕಾಯುವುದು. ಮೇ ತಿಂಗಳಲ್ಲಿ ಎಂಜಿನ್ ಮತ್ತೆ ತಿರುಗಿತು. ಎಂಟು ಅಶ್ವಶಕ್ತಿ ಕೇಳಿದ್ದವರಿಗೆ 12 ಸಿಕ್ಕಿತು. ತೂಕ 180 ಪೌಂಡಿನ ಹತ್ತಿರ.

ಡಿಸೆಂಬರ್ 17ರ ಬೆಳಿಗ್ಗೆ ಕಿಟ್ಟಿ ಹಾಕ್ ಬಳಿ ಆ ಎಂಜಿನ್ ಹೊತ್ತ ವಿಮಾನ 12 ಸೆಕೆಂಡ್ ಹಾರಿತು, 120 ಅಡಿ. ಅವತ್ತಿನ ನಾಲ್ಕನೇ ಹಾರಾಟ 59 ಸೆಕೆಂಡ್, 852 ಅಡಿ. ಚಾರ್ಲಿ ಅಲ್ಲಿರಲಿಲ್ಲ. ಡೇಟನ್‌ನಲ್ಲೇ ಇದ್ದರು. ಜಗತ್ತಿಗೆಲ್ಲ ಗೊತ್ತಿರುವ ಆ ಫೋಟೋದಲ್ಲಿ ಅವರಿಲ್ಲದೆ ಇರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಅಂಗಡಿಯ ಒಳಗೆ

ಅಣ್ಣತಮ್ಮಂದಿರ ಸ್ವಭಾವ ನಮಗೆ ಗೊತ್ತಾಗಿರುವುದರಲ್ಲಿ ಒಳ್ಳೆಯ ಪಾಲು ಚಾರ್ಲಿಯಿಂದ ಬಂದಿದ್ದು. ಇಬ್ಬರೂ ಗಟ್ಟಿ ದನಿಯಲ್ಲಿ ಜಗಳ ಆಡುತ್ತಿದ್ದರಂತೆ. ಪ್ರೊಪೆಲರ್ ವಿಷಯಕ್ಕೆ ಒಂದು ರಾತ್ರಿ ಜೋರು ವಾದ. ಮರುದಿನ ಬೆಳಿಗ್ಗೆ ಆರ್ವಿಲ್ ಬಂದು, ನಾನೇ ತಪ್ಪು ಅನಿಸುತ್ತೆ, ವಿಲ್ ಹೇಳಿದ್ದೇ ಸರಿ ಅಂದರು. ಸ್ವಲ್ಪ ಹೊತ್ತಿಗೆ ವಿಲ್ಬರ್ ಬಂದು ಆರ್ವಿಲ್ ಹೇಳಿದ್ದೇ ಸರಿ ಅಂದರು. ಆಮೇಲೆ ಇಬ್ಬರೂ ಪಕ್ಷ ಬದಲಾಯಿಸಿಕೊಂಡು ಮತ್ತೆ ವಾದಕ್ಕೆ ನಿಂತರು. ಇದನ್ನು ಬೆಂಚಿನ ಆಚೆ ನಿಂತು ನೋಡಿದವರು ಮಾತ್ರ ಹೇಳಬಲ್ಲರು.

ಎಲ್ಲರ ಜತೆಗೂ ಹೊಂದಿಕೆ ಇರಲಿಲ್ಲ. ಸಹೋದರರ ತಂಗಿ ಕ್ಯಾಥರೀನ್ ಅವರಿಗೂ ಚಾರ್ಲಿಗೂ ಆಗುತ್ತಿರಲಿಲ್ಲ. ಅಣ್ಣಂದಿರು ಊರಲ್ಲಿ ಇಲ್ಲದಾಗ ಅಂಗಡಿಯ ಮೇಲೆ ಕಣ್ಣಿಡುತ್ತಿದ್ದವರು ಅವರು. ಚಾರ್ಲಿ ಮೂರು ಹೊತ್ತೂ ಚುರುಟು ಸೇದುವವರು. ಸಹೋದರರೋ ಹೊಗೆಯೂ ಇಲ್ಲ, ಹೆಂಡವೂ ಇಲ್ಲ.

ಚಾರ್ಲಿಗೆ ಹಾರುವುದನ್ನು ಕಲಿಯುವ ಆಸೆ ಇತ್ತು. ಸಹೋದರರು ಒಪ್ಪಲಿಲ್ಲ. ನೀವು ಶಾಪಿನಲ್ಲೇ ಬೇಕು ಅಂದರು. ಇವರು ಒತ್ತಾಯ ಮಾಡಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ತುಸು ಬೇಸರ ಬರುವ ಜಾಗ ಇದೊಂದೇ. ಕೆಲಸ ಚೆನ್ನಾಗಿ ಬರುವವರನ್ನು ಕೆಲಸದ ಜಾಗದಲ್ಲೇ ಕಟ್ಟಿಹಾಕುವುದು ಎಲ್ಲ ಊರಲ್ಲೂ ಇದ್ದದ್ದೇ.

1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮೈಯರ್‌ನಲ್ಲಿ ಆರ್ವಿಲ್ ಸೈನ್ಯದವರ ಮುಂದೆ ವಿಮಾನ ಹಾರಿಸುತ್ತಿದ್ದಾಗ ಪ್ರೊಪೆಲರ್ ಸೀಳಿತು. ವಿಮಾನ ನೆಲಕ್ಕೆ ಬಿತ್ತು. ಆರ್ವಿಲ್‌ಗೆ ಮೂಳೆ ಮುರಿಯಿತು. ಜತೆಗಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್ಫ್‌ರಿಜ್ ಅವತ್ತೇ ತೀರಿಕೊಂಡರು. ಎಂಜಿನ್ ವಿಮಾನದ ಅಪಘಾತದಲ್ಲಿ ಸತ್ತ ಮೊದಲಿಗರು ಅವರು. ಓಡಿಬಂದು ಇಬ್ಬರನ್ನೂ ಎತ್ತಿದವರಲ್ಲಿ ಚಾರ್ಲಿಯೂ ಇದ್ದರು. ಗಾಯಾಳುಗಳನ್ನು ಕರೆದೊಯ್ದ ಮೇಲೆ ಮುರಿದ ರೆಕ್ಕೆಗೆ ಒರಗಿ, ಮುಖ ಮುಚ್ಚಿಕೊಂಡು ಅತ್ತರು. ಅಲ್ಲಿದ್ದ ವರದಿಗಾರರು ಇದನ್ನು ಬರೆದಿದ್ದಾರೆ.

ವಾರಕ್ಕೆ 70 ಡಾಲರ್

1911ರ ಹೊತ್ತಿಗೆ ರೈಟ್ ಕಂಪನಿಯಲ್ಲಿ ಚಾರ್ಲಿಯ ಸಂಬಳ ವಾರಕ್ಕೆ 25 ಡಾಲರ್. ಆ ವರ್ಷ ಕ್ಯಾಲ್ ರಾಜರ್ಸ್ ಎಂಬ ಪೈಲಟ್ ಅಮೆರಿಕದ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಹಾರಲು ಹೊರಟರು. 30 ದಿನದಲ್ಲಿ ಮುಗಿಸಿದರೆ 50,000 ಡಾಲರ್ ಬಹುಮಾನ ಇತ್ತು. ಪ್ರಾಯೋಜಕರು ವಿನ್ ಫಿಜ್ ಎಂಬ ದ್ರಾಕ್ಷಿ ಪಾನೀಯದವರು. ವಿಮಾನಕ್ಕೂ ಅದೇ ಹೆಸರು. ಕೆಳಗೆ ಹಳಿ ಮೇಲೆ ಒಂದು ವಿಶೇಷ ರೈಲು, ಅದರ ತುಂಬ ಬಿಡಿಭಾಗ. ಮೆಕ್ಯಾನಿಕ್ ಆಗಿ ಬರಲು ಚಾರ್ಲಿಗೆ ವಾರಕ್ಕೆ 70 ಡಾಲರ್, ಮೇಲೆ ಖರ್ಚು.

ಮೂರು ಪಟ್ಟು ಹತ್ತಿರ ಸಂಬಳ ಬಂದರೆ ಯಾರು ಬಿಡುತ್ತಾರೆ? ಆರ್ವಿಲ್‌ಗೆ ಇಷ್ಟ ಇರಲಿಲ್ಲ. ರಜೆ ಅಂದುಕೊಂಡು ಹೋಗಿ, ಆದರೆ ವಾಪಸ್ ಬನ್ನಿ ಅಂದರಂತೆ. ಚಾರ್ಲಿ ಹೆಂಡತಿ ಮಕ್ಕಳನ್ನು ಕ್ಯಾಲಿಫೋರ್ನಿಯಾಕ್ಕೆ ಕಳಿಸಿ ತಾವು ರೈಲು ಹತ್ತಿದರು. ವಿನ್ ಫಿಜ್ ದಾರಿಯುದ್ದಕ್ಕೂ ಬಿದ್ದು, ಮುರಿದು, ಮತ್ತೆ ಎದ್ದು, 49ನೇ ದಿನಕ್ಕೆ ಕ್ಯಾಲಿಫೋರ್ನಿಯಾದ ಪಸಡೀನಾ ತಲುಪಿತು. ಬಹುಮಾನದ ಗಡುವು ಮುಗಿದಿತ್ತು. ಹೊರಟಾಗ ಇದ್ದ ಭಾಗಗಳಲ್ಲಿ ಕೊನೆಗೆ ಉಳಿದದ್ದು ಕೆಲವೇ ಕೆಲವು. ಅಂಥ ಕೆಲಸದ ನಡುವೆ ಹೆನ್ರಿಯೆಟ್ಟಾ ಕಾಯಿಲೆ ಬಿದ್ದರು. ಚಾರ್ಲಿ ಹೆಂಡತಿಯ ಬಳಿಗೆ ಹೋದರು.

ಸಂಸಾರವಂದಿಗ ಅಂತ ಅವರನ್ನು ಕರೆಯಲು ದಾಖಲೆಯಲ್ಲಿರುವ ಗಟ್ಟಿ ಸಂಗತಿ ಇದು. ಸಂಬಳಕ್ಕಾಗಿ ಹಳೆ ಧಣಿಗಳನ್ನು ಬಿಟ್ಟರು, ಹೆಂಡತಿಗಾಗಿ ಆ ಸಂಬಳವನ್ನೂ ಬಿಟ್ಟರು. ಆದರೆ ಅವರನ್ನು ಮರೆಸಲು ಶುರು ಮಾಡಿದ್ದೂ ಇದೇ ನಿರ್ಧಾರ. 1912ರ ಮೇ 30ರಂದು ವಿಲ್ಬರ್ ಟೈಫಾಯಿಡ್‌ನಿಂದ ತೀರಿಕೊಂಡರು. ಚಾರ್ಲಿ ಡೇಟನ್‌ಗೆ ವಾಪಸ್ ಬಂದರು, ಕೆಲವು ವರ್ಷ ಕೆಲಸವನ್ನೂ ಮಾಡಿದರು. ಆದರೆ ಅಷ್ಟು ಹೊತ್ತಿಗೆ ಅದು ಮೂವರ ಅಂಗಡಿಯಾಗಿ ಉಳಿದಿರಲಿಲ್ಲ. ಆರ್ವಿಲ್ 1915ರಲ್ಲಿ ಕಂಪನಿಯನ್ನೇ ಮಾರಿದರು.

1928ರಲ್ಲಿ ಚಾರ್ಲಿ ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಹೋದರು. ಸಾಲ್ಟನ್ ಸೀ ಎಂಬ ಉಪ್ಪುನೀರಿನ ಕೆರೆಯ ಬಳಿ ಜಮೀನಿನ ಮೇಲೆ ಉಳಿತಾಯ ಹಾಕಿದರು. ಊರು ಬೆಳೆಯುತ್ತದೆ, ಬೆಲೆ ಏರುತ್ತದೆ ಎಂಬ ಲೆಕ್ಕ. ಹಳ್ಳಿಯಿಂದ ಬಂದು ದುಡಿದವರ ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಅದು ಭೂಮಿಯ ಕಡೆಗೇ ಹೋಗುತ್ತದೆ. ನಮ್ಮಲ್ಲೂ ಹೀಗೇ ತಾನೇ. 1929ರ ನಂತರದ ಆರ್ಥಿಕ ಕುಸಿತದಲ್ಲಿ ಎಲ್ಲ ಹೋಯಿತು. ಕೆಲಸ ಹೋಯಿತು. ಆ ಕಷ್ಟದ ವರ್ಷಗಳಲ್ಲೇ ಹೆನ್ರಿಯೆಟ್ಟಾ ಕೂಡ ಹೋದರು.

1930ರ ದಶಕದ ಮಧ್ಯದಲ್ಲಿ ಲಾಸ್ ಏಂಜಲೀಸ್‌ನ ಒಂದು ವಿಮಾನ ಕಾರ್ಖಾನೆಯಲ್ಲಿ ಚಾರ್ಲಿ ಸಾಮಾನ್ಯ ಮೆಷಿನಿಸ್ಟ್. ಗಂಟೆಗೆ ಸುಮಾರು 37 ಸೆಂಟ್. ಪಕ್ಕದ ಬೆಂಚಿನವರಿಗೆ ಇವರು ಯಾರು ಅಂತ ಗೊತ್ತಿರಲಿಲ್ಲ. ಇವರೂ ಹೇಳಿಕೊಳ್ಳಲಿಲ್ಲ.

ನೆನಪು ಮಾಡಿಕೊಂಡವರು

ಹುಡುಕಿಕೊಂಡು ಬಂದಿದ್ದು ಕಾರು ತಯಾರಕ ಹೆನ್ರಿ ಫೋರ್ಡ್ ಅವರ ಜನ. ಫೋರ್ಡ್ ಆಗ ರೈಟ್ ಸಹೋದರರ ಮನೆಯನ್ನೂ ಸೈಕಲ್ ಅಂಗಡಿಯನ್ನೂ ಡೇಟನ್‌ನಿಂದ ಬಿಚ್ಚಿ ಸಾಗಿಸಿ, ಮಿಶಿಗನ್‌ನಲ್ಲಿ ತಮ್ಮದೇ ಬಯಲು ಮ್ಯೂಸಿಯಂ ಆದ ಗ್ರೀನ್‌ಫೀಲ್ಡ್ ವಿಲೇಜ್‌ನಲ್ಲಿ ಮರುಜೋಡಣೆ ಮಾಡಿಸುತ್ತಿದ್ದರು. ಗೋಡೆ ಸಾಗಿಸಬಹುದು. ಆದರೆ ಲೇತ್ ಎಲ್ಲಿತ್ತು, ಬೆಂಚು ಯಾವ ಕಡೆ ತಿರುಗಿತ್ತು, ಯಾವ ಹತಾರ ಯಾವ ಗೋಡೆಗೆ ತೂಗುತ್ತಿತ್ತು ಅನ್ನೋದು ಅಲ್ಲಿ ನಿಂತು ದುಡಿದವರಿಗೇ ಗೊತ್ತು. ಆರ್ವಿಲ್ ಇನ್ನೂ ಬದುಕಿದ್ದರು. ಆದರೂ ಚಾರ್ಲಿ ಬೇಕಾಯಿತು. 1937ರಲ್ಲಿ ಕೆಲಸಕ್ಕೆ ಕರೆದರು. 1938ರ ಏಪ್ರಿಲ್ 16ರಂದು, ವಿಲ್ಬರ್ ಹುಟ್ಟಿದ ದಿನ, ಆ ಅಂಗಡಿ ಜನರಿಗೆ ತೆರೆಯಿತು.

ಇದು ನನಗೆ ಈ ಪ್ರಕರಣದ ತಿರುವು. ಫೋರ್ಡ್‌ಗೆ ಚಾರ್ಲಿಯನ್ನು ಗೌರವಿಸುವ ಉದ್ದೇಶ ಇತ್ತೋ ಇಲ್ಲವೋ, ಅವರಿಗೆ ಒಂದು ಕೋಣೆ ನಿಜವಾಗಿ ಹೇಗಿತ್ತೋ ಹಾಗೇ ಬೇಕಿತ್ತು. ಅದಕ್ಕೆ ಕೆಲಸಗಾರನ ನೆನಪನ್ನು ಕೇಳಲೇಬೇಕಾಯಿತು.

ಚಾರ್ಲಿ 1941ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮರಳಿ, ಯುದ್ಧದ ಕಾಲದಲ್ಲಿ ಮತ್ತೆ ಕಾರ್ಖಾನೆಗೆ ಹೋದರು. 1945ರಲ್ಲಿ ಹೃದಯಾಘಾತ ಆಯಿತು. ಕೆಲಸ ನಿಂತಿತು. ಆರ್ವಿಲ್ ಕಡೆಗಾಲದವರೆಗೂ ಪತ್ರ ಬರೆಯುತ್ತಿದ್ದರು. ಮಾಡಲು ಕೆಲಸ ಜಾಸ್ತಿ ಇಲ್ಲದೆ ನೀವು ಸಂತೋಷವಾಗಿದ್ದೀರಿ ಅಂತ ಊಹಿಸಿಕೊಳ್ಳುವುದು ಕಷ್ಟ ಎಂಬರ್ಥದ ಮಾತು ಅವರ ಕೊನೆಯ ಪತ್ರಗಳಲ್ಲಿದೆ. ಜತೆಯಲ್ಲಿ ದುಡಿದವರು ಮಾತ್ರ ಬರೆಯುವ ಸಾಲು ಅದು. 1948ರ ಜನವರಿ 30ರಂದು ಆರ್ವಿಲ್ ತೀರಿಕೊಂಡರು. ಚಾರ್ಲಿಗೆ ವರ್ಷಕ್ಕೆ 800 ಡಾಲರ್ ಸಿಗುವಂತೆ ಉಯಿಲಿನಲ್ಲಿ ಬರೆದಿಟ್ಟಿದ್ದರು. ಮೋಸ ಮಾಡಲಿಲ್ಲ ಅಂತ ನಾನು ಮೊದಲು ಹೇಳಿದ್ದು ಇದನ್ನೂ ಸೇರಿಸಿಯೇ.

ಅದೇ ವರ್ಷದ ಕೊನೆಗೆ ಕಾಲಿಯರ್ಸ್ ಎಂಬ ವಾರಪತ್ರಿಕೆ ಚಾರ್ಲಿಯ ಮಾತುಗಳನ್ನು ಬರೆಸಿಕೊಂಡು ಪ್ರಕಟಿಸಿತು. ಆಗ ಅವರಿಗೆ 80 ವರ್ಷ. ಉಕ್ಕಿನ ಪಟ್ಟಿಯ ಅಳತೆ, 19 ಪೌಂಡ್, ಮೊಳೆಗೆ ಸಿಕ್ಕಿಸಿದ ಚೀಟಿ, ಅಣ್ಣತಮ್ಮಂದಿರ ಜಗಳ, ಹಾರಲು ಕಲಿಯುವ ಆಸೆ. ಇಲ್ಲಿ ನಾನು ಬರೆದಿರುವುದರಲ್ಲಿ ಎಷ್ಟೋ ಸಂಗತಿಗಳ ಬೇರು ಆ ಒಂದು ಲೇಖನದಲ್ಲಿದೆ. 45 ವರ್ಷ ಕಳೆದರೂ ಪಟ್ಟಿಯ ದಪ್ಪ ಅವರ ಬಾಯಲ್ಲಿತ್ತು.

ಅದೊಂದು ಲೇಖನ ಬರದೇ ಇದ್ದಿದ್ದರೆ? ಅವರು ಕಡಿದು ಮಾಡಿದ ಮೂಲ ಕ್ರ್ಯಾಂಕ್‌ಶಾಫ್ಟ್ ಕೂಡ ಈಗ ಇಲ್ಲ. 1906ರಲ್ಲಿ ನ್ಯೂಯಾರ್ಕ್‌ನ ಒಂದು ಪ್ರದರ್ಶನಕ್ಕೆ ಅದನ್ನೂ ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲನ್ನೂ ಎರವಲು ಕೊಟ್ಟಿದ್ದರು. ವಾಪಸ್ ಬರಲೇ ಇಲ್ಲ. ಕೈಯ ಕೆಲಸವೂ ಹೋಯಿತು, ಉಳಿದಿದ್ದು ಬಾಯಿಮಾತು.

ನಮ್ಮ ಪತ್ರಿಕೆಗಳ ಶ್ರದ್ಧಾಂಜಲಿ ಪುಟ ನೋಡಿದಾಗ ನನಗೆ ಇದೇ ಕಾಣುತ್ತದೆ. ಫೋಟೋ, ಜನನ, ಮರಣ, ವೈಕುಂಠ ಸಮಾರಾಧನೆಯ ತಾರೀಕು, ದುಃಖತಪ್ತ ಕುಟುಂಬ ವರ್ಗ. ಹೋದವರು ಮೂವತ್ತು ವರ್ಷ ಏನು ಮಾಡಿದರು ಅನ್ನುವ ಒಂದು ಸಾಲೂ ಇರುವುದಿಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್ ಶುರುವಾಗಿದ್ದು 1940ರಲ್ಲಿ. ಹಳ್ಳಿಯಿಂದ ಬಂದು ಅಲ್ಲಿ ಫಿಟ್ಟರ್, ಟರ್ನರ್ ಆದವರ ಮಕ್ಕಳು, ಮೊಮ್ಮಕ್ಕಳು ಈ ಊರಿನ ತುಂಬ ಇದ್ದಾರೆ. ಅಪ್ಪ ಎಚ್‌ಎಎಲ್‌ನಲ್ಲಿದ್ದರು ಅನ್ನುತ್ತಾರೆ. ಯಾವ ಶಾಪಿನಲ್ಲಿ, ಯಾವ ಮೆಷಿನ್ ಮುಂದೆ, ಯಾವ ಭಾಗ ಮಾಡುತ್ತಿದ್ದರು ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ.

ಚಾರ್ಲಿಯ ಕೊನೆಯ ದಿನಗಳು ಚೆನ್ನಾಗಿರಲಿಲ್ಲ. 1955ರಲ್ಲಿ ಪತ್ರಕರ್ತರೊಬ್ಬರ ಕಣ್ಣಿಗೆ ಬಿದ್ದಾಗ ಅವರು ಲಾಸ್ ಏಂಜಲೀಸ್‌ನ ಒಂದು ಆಸ್ಪತ್ರೆಯ ಧರ್ಮಾರ್ಥ ವಾರ್ಡಿನಲ್ಲಿದ್ದರು. ಸುದ್ದಿ ಬಂದ ಮೇಲೆ ವಿಮಾನ ಉದ್ಯಮದವರು ಹಣ ಕೂಡಿಸಿ ಒಳ್ಳೆಯ ಕಡೆಗೆ ಸೇರಿಸಿದರು. 1956ರ ಜನವರಿ 30ರಂದು, 87ನೇ ವಯಸ್ಸಿನಲ್ಲಿ, ಆರ್ವಿಲ್ ಹೋದ ತಾರೀಕಿನಂದೇ ತೀರಿಕೊಂಡರು. ವಿಮಾನಯಾನದ ಮೊದಮೊದಲ ಜನರಿಗೆ ಮೀಸಲಾದ, ಪೋರ್ಟಲ್ ಆಫ್ ದಿ ಫೋಲ್ಡೆಡ್ ವಿಂಗ್ಸ್ ಎಂಬ ಸ್ಮಾರಕದಲ್ಲಿ ಅವರ ಸಮಾಧಿ ಇದೆ.

ಈಗ ಅವರ ಹುಟ್ಟಿದ ದಿನ ಮೇ 24ನ್ನು ವಿಮಾನ ನಿರ್ವಹಣೆಯ ಕೆಲಸಗಾರರ ದಿನವಾಗಿ ಆಚರಿಸುತ್ತಾರೆ. ಅಮೆರಿಕದ ವಿಮಾನಯಾನ ಇಲಾಖೆ ಅವರ ಹೆಸರಲ್ಲಿ ಮಾಸ್ಟರ್ ಮೆಕ್ಯಾನಿಕ್ ಪ್ರಶಸ್ತಿ ಕೊಡುತ್ತದೆ. ಅದಕ್ಕೆ ವಿಮಾನ ನಿರ್ವಹಣೆಯಲ್ಲಿ 50 ವರ್ಷ ದುಡಿದಿರಬೇಕು, ಅದೇ ವೃತ್ತಿಬಳಗದವರು ಶಿಫಾರಸು ಪತ್ರ ಕೊಡಬೇಕು. ಕೋಟಿಗೆ ಸಿಕ್ಕಿಸಲು ಒಂದು ಪಿನ್ ಕೊಡುತ್ತಾರೆ. ಅದೇ ವಿನ್ಯಾಸದ ಇನ್ನೊಂದು ಪಿನ್ ಹೆಂಡತಿಗೋ ಗಂಡನಿಗೋ, ಇಷ್ಟು ವರ್ಷ ಜತೆಗೆ ನಿಂತಿದ್ದಕ್ಕೆ. ಹೆನ್ರಿಯೆಟ್ಟಾ ಬಗ್ಗೆ ನಮಗೆ ಸಿಗುವುದು ಮದುವೆ, ಚಿಕ್ಕಪ್ಪನ ಕಟ್ಟಡ, 1911ರ ಕಾಯಿಲೆ, ಸಾವು ಇಷ್ಟೇ. ಅವರನ್ನು ಕೂರಿಸಿ ಕೇಳುವ ಕೆಲಸ ಯಾವ ಪತ್ರಿಕೆಯೂ ಮಾಡಲಿಲ್ಲ.